ಒಳಗೆ ಸ್ವಲ್ಪ ಬಟ್ಟೆ ಬಿಡಿ

ಶಾಲೆ ಶುರುವಾಗುವ ಮುಂಚೆ, ಮೇ ತಿಂಗಳ ಕೊನೆಗೆ, ದರ್ಜಿ ಅಂಗಡಿಗಳಲ್ಲಿ ಅಮ್ಮ-ಮಗಳ ಜೋಡಿಗಳೇ ಹೆಚ್ಚು. ಟೇಪು ಹಿಡಿದವನಿಗೆ ಅಮ್ಮಂದಿರು ತಪ್ಪದೆ ಹೇಳುತ್ತಿದ್ದ ಮಾತೊಂದಿತ್ತು: ‘ಬೆಳೆಯೋ ಹುಡುಗಿ, ಒಳಗೆ ಸ್ವಲ್ಪ ಬಟ್ಟೆ ಬಿಡಿ.’ ಅದು ಉಳಿತಾಯದ ಮಾತು, ಅಷ್ಟೇ. ಆದರೆ ಅಳತೆಗೆ ಕೈ ಚಾಚಿ ನಿಂತ ಹುಡುಗಿಗೆ, ಮುಂದಿನ ವರ್ಷವೂ ನೀನು ಇಷ್ಟೇ ಇರಬೇಕಿಲ್ಲ ಎಂಬ ಪರವಾನಗಿಯೂ ಅದರಲ್ಲಿ ಸಿಗುತ್ತಿತ್ತು. ಈಗ ಅದೇ ಅಂಗಡಿಯಲ್ಲಿ ಬೇರೆ ಮಾತೂ ಕೇಳಿಸುತ್ತದೆ. ‘ಆರು ತಿಂಗಳಲ್ಲಿ ಹೇಗೆ ಊದಿದಾಳೆ ನೋಡಿ!’ ದರ್ಜಿ ನಗುತ್ತಾನೆ. ಹುಡುಗಿ ಹೊಟ್ಟೆ ಒಳಗೆಳೆದುಕೊಳ್ಳುತ್ತಾಳೆ. ಅಳತೆ ತಪ್ಪುತ್ತದೆ, ಚೂಡಿದಾರ ಬಿಗಿಯಾಗುತ್ತದೆ, ಬೈಗುಳ ಮತ್ತೆ ಅವಳಿಗೇ.

ಆ ಅಮ್ಮ ಕೆಟ್ಟವಳಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವವರು ನಾವು. ಆದರೂ ಮಗಳಿಗೆ ಹತ್ತು ದಾಟಿತೆಂದರೆ ತಾಯಿ ಅವಳನ್ನು ತನ್ನ ಕಣ್ಣಿಂದ ನೋಡುವುದು ಬಿಟ್ಟು, ಮುಂದೆಂದೋ ಹೆಣ್ಣು ನೋಡಲು ಬರುವವರ ಕಣ್ಣಿಂದ ನೋಡತೊಡಗುತ್ತಾಳೆ. ಉಪ್ಪಿಟ್ಟು-ಕೇಸರಿಬಾತಿನ ತಟ್ಟೆ ಹಿಡಿದು ನಿಂತಾಗ ತನ್ನ ಮೇಲೆ ಆ ಕಣ್ಣುಗಳು ಹೇಗೆ ಓಡಾಡಿದವೆಂಬುದು ಅವಳಿಗೆ ಮರೆತಿಲ್ಲ. ಬಿಳುಪಿನ ಆಸೆ ಹುಟ್ಟಿಸಿದ ಕ್ರೀಮು ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ, ‘ಫೇರ್’ ಎಂಬುದು ಅದರ ಹೆಸರಿನಿಂದ ಹೋದದ್ದು 2020ರಲ್ಲಿ. ಇಂದಿನ ಅಮ್ಮಂದಿರು, ಅವರ ಅಮ್ಮಂದಿರು ಬೆಳೆದದ್ದು ಆ ನಡುವಿನ ನಲವತ್ತೈದು ವರ್ಷಗಳಲ್ಲೇ. ಮದುವೆ ಜಾಹೀರಾತಿನ ‘ಬೆಳ್ಳಗೆ, ತೆಳ್ಳಗೆ’ ಮಾತ್ರ ಇನ್ನೂ ಹೋಗಿಲ್ಲ.

ಹತ್ತು-ಹದಿಮೂರರ ನಡುವೆ ಹುಡುಗಿಯ ಮೈಯಲ್ಲಿ ಕೊಬ್ಬು ಕೂಡಿಕೊಳ್ಳುವುದು, ಸೊಂಟ ಅಗಲವಾಗುವುದು ರೋಗವಲ್ಲ, ಸೋಮಾರಿತನವೂ ಅಲ್ಲ. ಅದು ಬೆಳವಣಿಗೆ. ಮೂಳೆಯ ಗಟ್ಟಿತನದ ಬಹುಪಾಲು ಕೂಡುವುದೂ ಹದಿನೆಂಟರ ಒಳಗೇ. ನಮ್ಮ ಅಜ್ಜಿಯರಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಆದರೆ ಹುಡುಗಿ ಮೈನೆರೆದಾಗ ಆರತಿ ಎತ್ತಿ ಎಳ್ಳು-ಬೆಲ್ಲದ ಚಿಗಳಿ, ಕೊಬ್ಬರಿ, ತುಪ್ಪ ತಿನ್ನಿಸುತ್ತಿದ್ದರು. ಅದೇ ಮನೆಯಲ್ಲಿ ಅವಳನ್ನು ಬೇರೆ ಚಾಪೆಯ ಮೇಲೆ ಮೂಲೆಗೆ ಕೂರಿಸುತ್ತಿದ್ದರು ಎಂಬುದೂ ನಿಜ, ಆದ್ದರಿಂದ ಹಳೆಯದನ್ನೆಲ್ಲ ಹೊಗಳುವ ಉಮೇದು ನನಗಿಲ್ಲ. ಮೂಲೆ ಹೋಗಿದ್ದು ಒಳ್ಳೆಯದಾಯಿತು. ಚಿಗಳಿಯೂ ಅದರ ಜೊತೆಗೇ ಹೋಗಬೇಕಿರಲಿಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲಿಯಾನ್ ಬರ್ಚ್ ಎಂಬ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿ ಐದು ವರ್ಷದ 197 ಹೆಣ್ಣುಮಕ್ಕಳನ್ನು ಮಾತಾಡಿಸಿ, 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಡಯಟ್ ಎಂದರೇನು, ಅದನ್ನು ಮಾಡುವುದು ಹೇಗೆ ಎಂಬ ಕಲ್ಪನೆ ಇದ್ದದ್ದು ಯಾವ ಮಕ್ಕಳಿಗೆ? ತಾಯಿ ಡಯಟ್ ಮಾಡುತ್ತಿದ್ದ, ಇಲ್ಲವೇ ಇತ್ತೀಚೆಗಷ್ಟೇ ಮಾಡಿದ್ದ ಮನೆಗಳಲ್ಲಿ ಆ ಸಾಧ್ಯತೆ ಉಳಿದ ಮನೆಗಳಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ಯಾರೂ ಕೂರಿಸಿಕೊಂಡು ಪಾಠ ಹೇಳಿರಲಿಲ್ಲ. ಐದು ವರ್ಷದ ಮಗು, ಶೂ ಲೇಸು ಕಟ್ಟಲು ಬಾರದ ಮಗು, ಅಮ್ಮನ ತಟ್ಟೆ ನೋಡಿ ಕಲಿತಿತ್ತು. ಬರ್ಚ್ ತಂಡದ್ದೇ ಇನ್ನೊಂದು ಅಧ್ಯಯನದಲ್ಲಿ, ಐದರ ವಯಸ್ಸಿಗೆ ತಿಂಡಿಯ ಮೇಲೆ ಬಿಗಿ ಪಹರೆ ಕಂಡ ಹೆಣ್ಣುಮಕ್ಕಳು ಒಂಬತ್ತಾಗುವ ಹೊತ್ತಿಗೆ ಹಸಿವಿಲ್ಲದಾಗಲೂ ಹೆಚ್ಚು ತಿನ್ನುತ್ತಿದ್ದರು. ಡಬ್ಬ ಅಟ್ಟದ ಮೇಲಿಟ್ಟು ಗೆದ್ದೆನೆಂದುಕೊಂಡ ಅಮ್ಮಂದಿರು ಇದನ್ನು ಕೇಳಿಸಿಕೊಳ್ಳಬೇಕು. 2013ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದವರು ಹದಿಹರೆಯದವರಲ್ಲಿ ಕಂಡದ್ದೂ ಹೀಗೇ: ಹೆತ್ತವರು ತೂಕದ ಮಾತಾಡುವ ಮನೆಗಳಲ್ಲಿ ಮಕ್ಕಳು ಡಯಟ್ ಮಾಡುವುದು ಹೆಚ್ಚು, ಒಳ್ಳೆಯ ಊಟದ ಮಾತಷ್ಟೇ ಆಡುವಲ್ಲಿ ಕಡಿಮೆ.

ನಮ್ಮಲ್ಲಿ ಅಮ್ಮ ಊಟ ಬಿಡುವುದಕ್ಕೆ ಡಯಟ್ ಎಂಬ ಹೆಸರೇ ಬೇಕಿಲ್ಲ. ಸೋಮವಾರದ ಉಪವಾಸ, ಶನಿವಾರದ ಒಪ್ಪತ್ತು, ಏಕಾದಶಿ. ಭಕ್ತಿಯಿಂದ ಮಾಡುವವರ ತಂಟೆಗೆ ನಾನು ಹೋಗುವುದಿಲ್ಲ. ಆದರೆ ‘ದೇವರಿಗೂ ಆಯ್ತು, ಹೊಟ್ಟೆಯೂ ಇಳೀತು’ ಎಂದು ಕನ್ನಡಿ ಮುಂದೆ ಸೀರೆಯ ನೆರಿಗೆ ಹಿಡಿಯುತ್ತ ಅಂದದ್ದು ಪಕ್ಕದಲ್ಲಿ ಜಡೆ ಹೆಣೆದುಕೊಳ್ಳುತ್ತಿರುವವಳ ಕಿವಿಗೂ ಬೀಳುತ್ತದೆ. ಉಳಿದ ದಿನಗಳಲ್ಲಿ ಅಮ್ಮ ಎಲ್ಲರಿಗೂ ಬಡಿಸಿ, ಪಲ್ಯ ಮುಗಿದ ಮೇಲೆ, ತಳ ಹತ್ತಿದ್ದನ್ನು ಕೆರೆದುಕೊಂಡು, ಅಡುಗೆಕಟ್ಟೆಗೆ ಒರಗಿ ನಿಂತೇ ಊಟ ಮುಗಿಸುತ್ತಾಳೆ. ಇದನ್ನು ತ್ಯಾಗವೆಂದು ಹಾಡಿ ಹೊಗಳುವವರ ಮೇಲೆ ನನಗೆ ಸಿಟ್ಟಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ. 15ರಿಂದ 19ರ ಹುಡುಗಿಯರಲ್ಲಿ ಅದು ಶೇ 59. ಶಾಲೆಯಲ್ಲಿ ವಾರಕ್ಕೊಂದು ನೀಲಿ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ, ಕೊಡಲಿ. ಆದರೆ ಮನೆಯಲ್ಲಿ ಹೆಣ್ಣಿನ ಪಾಲು ಕೊನೆಯದು ಎಂದು ದಿನಕ್ಕೆ ಎರಡು ಹೊತ್ತು ನೋಡುವ ಹುಡುಗಿಗೆ ಒಂದು ಮಾತ್ರೆ ಎಷ್ಟೆಂದು ಹೇಳೀತು? ಅಮ್ಮ ಮಗಳ ಜೊತೆ ಕೂತು, ಸೊಪ್ಪಿನ ಸಾರು ತನಗೂ ಎರಡು ಸೌಟು ಹಾಕಿಕೊಂಡು ಉಣ್ಣಬೇಕು. ಗಂಡನೂ ಮಗನೂ ಒಂದು ದಿನ ತಾವೇ ಬಡಿಸಿಕೊಂಡರೆ ಕೈ ಸವೆಯುವುದಿಲ್ಲ.

ಆಟದ ವಿಷಯವೂ ಅಷ್ಟೇ. ಐದರಿಂದ ಹದಿನೇಳರವರೆಗೆ ದಿನಕ್ಕೆ ಒಂದು ಗಂಟೆ ಮೈಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ‘ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ’ ಎಂದು ನಾವು ಹೇಳುತ್ತೇವೆ. ಮೈನೆರೆದ ಮೇಲೆ ಕುಂಟಾಬಿಲ್ಲೆಯೂ ಬಂದ್, ಸೈಕಲ್ಲೂ ಬಂದ್. ಹೀಗೆ ಮೂರು ವರ್ಷ ಮನೆಯಲ್ಲಿ ಕೂರಿಸಿ, ಆಮೇಲೆ ದಪ್ಪವಾದಳೆಂದು ಜಿಮ್ಮಿಗೆ ದುಡ್ಡು ಕಟ್ಟುವುದು. ಸಂಜೆ ಪಾರ್ಕಿನಲ್ಲಿ ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಬಿರಬಿರನೆ ನಡೆಯುವ ಹೆಂಗಸರನ್ನು ಕಂಡರೆ ನನಗೆ ಖುಷಿ. ಅವರ ಜೊತೆ ಮಗಳೂ ಇದ್ದರೆ, ಇಬ್ಬರೂ ತೂಕ ಬಿಟ್ಟು ಬೇರೇನೋ ಮಾತಾಡುತ್ತಿದ್ದರೆ, ಇನ್ನೂ ಖುಷಿ.

ಮನೆಯೊಳಗೆ ಎಷ್ಟೇ ಎಚ್ಚರವಾಗಿದ್ದರೂ ಪರೀಕ್ಷೆ ನಡೆಯುವುದು ಮದುವೆಮನೆಗಳಲ್ಲಿ. ಊಟದ ಹಾಲಿನ ಬಾಗಿಲಲ್ಲೇ ನೆಂಟರೊಬ್ಬರು ಮಗಳ ತೋಳು ಚಿವುಟಿ ‘ಏನೇ ಇದು, ಇಷ್ಟು ದಪ್ಪ ಮಾಡಿಬಿಟ್ಟಿದೀಯ?’ ಅನ್ನುತ್ತಾರೆ. ‘ಹೌದು ಅಕ್ಕ, ಹೇಳಿದ್ರೆ ಎಲ್ಲಿ ಕೇಳ್ತಾಳೆ’ ಅಂದುಬಿಡುವುದು ಸುಲಭ. ನಾಲ್ಕು ಜನರ ಎದುರು ಅಮ್ಮ ಯಾರ ಕಡೆ ಎಂಬುದು ಆ ಒಂದು ಮಾತಿನಲ್ಲೇ ಹುಡುಗಿಗೆ ಗೊತ್ತಾಗಿಬಿಡುತ್ತದೆ. ಹಾಗನ್ನದ ಅಮ್ಮಂದಿರೂ ಇದ್ದಾರೆ. ‘ನಮ್ಮಮ್ಮನ ಮೈಕಟ್ಟು ಅಕ್ಕ ಅವಳದು, ಸ್ಕೂಲಲ್ಲಿ ಖೋಖೋ ಆಡ್ತಾಳೆ. ಬನ್ನಿ, ಎಲೆ ಹಾಕಿ ಆಯ್ತು’ ಎನ್ನುತ್ತ ಮಗಳ ಪಕ್ಕದಲ್ಲೇ ಕೂತು, ಹೋಳಿಗೆ ಬಂದಾಗ ಕೈ ಅಡ್ಡ ಹಿಡಿಯದೆ, ತುಪ್ಪದವನನ್ನೂ ಕೂಗಿ ಕರೆಯುವವರು.