ಎಣಿಕೆಯೂ ಬೆಲೆಯೂ

ವಿದ್ವಾಂಸನ ಯೋಗ್ಯತೆಯನ್ನು ಅಳೆಯುವ ಬಗೆ ಯಾವುದು? ಪ್ರಶ್ನೆಯು ಹಳೆಯದು. ಹಿಂದೆ ಇದಕ್ಕೆ ರಾಜಸಭೆಯೂ ಪಂಡಿತಮಂಡಲಿಯೂ ಉತ್ತರ ಹೇಳುತ್ತಿದ್ದುವು. ಇಂದು ಸಂಖ್ಯೆಯು ಹೇಳುತ್ತಿದೆ. ಒಬ್ಬ ರಸಾಯನಶಾಸ್ತ್ರಜ್ಞನ ವಿಚಾರವನ್ನು ಕೇಳಿದರೆ, ಆತನು ಕಂಡ ಸತ್ಯವೇನೆಂಬುದನ್ನು ತಿಳಿಸುವುದಕ್ಕೆ ಮೊದಲೇ, ಇಷ್ಟು ಪ್ರಬಂಧಗಳನ್ನು ಪ್ರಕಟಿಸಿದ್ದಾನೆ, ಅವುಗಳನ್ನು ಇತರರು ಇಷ್ಟು ಸಾವಿರ ಸಲ ಉಲ್ಲೇಖಿಸಿದ್ದಾರೆ ಎಂದು ಹೇಳುವುದುಂಟು. ಉದ್ಯೋಗ, ಬಡ್ತಿ, ಧನಸಹಾಯ, ಪ್ರಶಸ್ತಿ ಇವುಗಳಿಗೆ ಅನೇಕ ಕಡೆ ಈ ಲೆಕ್ಕವೇ ಆಧಾರವಾಗಿದೆ. ಇದು ನ್ಯಾಯವೆ?

ಲೆಕ್ಕದ ಹುಟ್ಟು ಕೆಟ್ಟದ್ದಲ್ಲ. ಒಂದು ತೀರ್ಪನ್ನು ಅನಂತರದ ನ್ಯಾಯಾಲಯಗಳು ಎಲ್ಲೆಲ್ಲಿ ಎತ್ತಿಕೊಂಡಿವೆಯೆಂದು ತಿಳಿಯುವುದಕ್ಕೆ ಅಮೆರಿಕದ ವಕೀಲರು ಒಂದು ಸೂಚಿಯನ್ನು ಬಳಸುತ್ತಿದ್ದರು. ರಸಾಯನಶಾಸ್ತ್ರವನ್ನೋದಿ ಪದವಿ ಪಡೆದಿದ್ದ ಯೂಜೀನ್ ಗಾರ್ಫೀಲ್ಡನು, ವಿಜ್ಞಾನಕ್ಕೂ ಅಂಥದೊಂದು ಬೇಕೆಂದು 1955ರಲ್ಲಿ ಸೂಚಿಸಿ, 1964ರಲ್ಲಿ ಅದನ್ನು ಹೊರತಂದನು. ಒಂದು ವಿಚಾರವು ಯಾರಿಂದ ಯಾರಿಗೆ ಹರಿದುಬಂತೆಂಬುದು ಅದರಿಂದ ತಿಳಿಯುವುದು. ಉಲ್ಲೇಖವೆಂದರೆ ಋಣವನ್ನು ಒಪ್ಪಿಕೊಳ್ಳುವುದಲ್ಲವೆ? ಆದರೆ ಋಣದ ಪಟ್ಟಿಯು ಬರಬರುತ್ತ ಯೋಗ್ಯತೆಯ ಪಟ್ಟಿಯಾಯಿತು. 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿಯು ವಿದ್ವಾಂಸನ ಬಾಳಿನ ಕೆಲಸಕ್ಕೆಲ್ಲ ಒಂದೇ ಅಂಕವನ್ನು ಕಟ್ಟುವ ಉಪಾಯವನ್ನು ಹೇಳಿದನು. ಒಬ್ಬನ 20 ಪ್ರಬಂಧಗಳು ಒಂದೊಂದೂ 20ಕ್ಕೆ ಕಡಮೆಯಿಲ್ಲದಷ್ಟು ಸಲ ಉಲ್ಲೇಖಗೊಂಡಿದ್ದು, 21 ಪ್ರಬಂಧಗಳಿಗೆ ಈ ಮಾತು ಸಲ್ಲದಿದ್ದರೆ, ಅವನ ಅಂಕ 20.

ಈ ಅಳತೆಯನ್ನು ಎರಡು ನಿದರ್ಶನಗಳಿಂದ ಪರೀಕ್ಷಿಸೋಣ. ಆಲಿವರ್ ಲೌರಿ ಎಂಬ ಜೀವರಸಾಯನಜ್ಞನು 1951ರಲ್ಲಿ ತನ್ನ ಸಂಗಡಿಗರೊಡನೆ ಒಂದು ಪ್ರಬಂಧವನ್ನು ಪ್ರಕಟಿಸಿದನು. ದ್ರವದಲ್ಲಿ ಪ್ರೋಟೀನು ಎಷ್ಟಿದೆಯೆಂಬುದನ್ನು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವದು. ಪ್ರಯೋಗಶಾಲೆಗಳಲ್ಲೆಲ್ಲ ಅದು ಬಳಕೆಗೆ ಬಂತು. 2014ರಲ್ಲಿ ‘ನೇಚರ್’ ಪತ್ರಿಕೆಯು ಲೆಕ್ಕವನ್ನು ಪರಿಶೀಲಿಸಿದಾಗ ಅದಕ್ಕೆ ದೊರೆತ ಉಲ್ಲೇಖಗಳು 3,00,000ವನ್ನು ಮೀರಿ, ಪಟ್ಟಿಯಲ್ಲಿ ಅದೇ ಮೊದಲನೆಯದಾಗಿತ್ತು. ಆದರೆ ಅದೇನೂ ಮಹತ್ತರವಾದ ಕೃತಿಯಲ್ಲವೆಂದು ಲೌರಿಯೇ ಹೇಳಿದ್ದನು.

ಇನ್ನೊಂದು ನಿದರ್ಶನ ಇಟಲಿಯ ಅವೊಗಾಡ್ರೊ. ಸಮಾನ ಉಷ್ಣತೆ ಮತ್ತು ಒತ್ತಡಗಳಲ್ಲಿರುವ ಅನಿಲಗಳ ಸಮಾನ ಗಾತ್ರಗಳಲ್ಲಿ ಅಣುಗಳ ಸಂಖ್ಯೆಯೂ ಸಮಾನವೆಂದು ಆತನು 1811ರಲ್ಲಿ ಪ್ರತಿಪಾದಿಸಿದನು. ಬಹುಮಂದಿ ಅದನ್ನು ಲಕ್ಷಿಸಲಿಲ್ಲ. ಪರಮಾಣುತೂಕಗಳ ವಿಷಯದಲ್ಲಿ ಏಕಾಭಿಪ್ರಾಯವಿಲ್ಲದೆ, ನೀರಿನ ಸೂತ್ರವನ್ನು ಕೂಡ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆಯುತ್ತಿದ್ದರು. 1856ರಲ್ಲಿ ಅವೊಗಾಡ್ರೊ ತೀರಿಕೊಂಡನು. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಕೂಡಿದ ರಸಾಯನಜ್ಞರ ಸಮ್ಮೇಳನದಲ್ಲಿ ಕನ್ನಿಝಾರೊ ಆ ತತ್ತ್ವವನ್ನು ಸಮರ್ಥಿಸಿದ ಮೇಲೆಯೇ ಅದರ ಬೆಳಕಿನಲ್ಲಿ ಗೊಂದಲವು ಕರಗತೊಡಗಿದ್ದು. ಎಣಿಕೆಯ ಸಮಿತಿಯೊಂದು 1856ರಲ್ಲಿ ಕುಳಿತಿದ್ದರೆ, ಅವೊಗಾಡ್ರೊವಿನ ಹೆಸರಿನ ಮುಂದೆ ಬಹು ಸಣ್ಣ ಅಂಕವನ್ನೇ ಬರೆಯುತ್ತಿತ್ತು. ಲೆಕ್ಕದಲ್ಲಿ ತಪ್ಪಿರುತ್ತಿರಲಿಲ್ಲ, ತೀರ್ಪು ಮಾತ್ರ ತಪ್ಪಾಗುತ್ತಿತ್ತು.

ಇಲ್ಲಿ ಪ್ರತಿವಾದಿಯ ಮಾತನ್ನೂ ಕೇಳಬೇಕು. “ಸಂಖ್ಯೆಯನ್ನು ಬಿಟ್ಟರೆ ಉಳಿಯುವುದೇನು? ಶಿಫಾರಸು, ಬಂಧುತ್ವ, ಪಂಗಡ. ಬೆನ್ನಿಗೆ ಯಾರೂ ಇಲ್ಲದ ಸಣ್ಣ ಊರಿನ ತರುಣನೊಬ್ಬನು, ‘ನೋಡಿ, ನನ್ನ ಕೆಲಸವನ್ನು ಪರದೇಶದವರೂ ಬಳಸಿದ್ದಾರೆ’ ಎಂದು ತೋರಿಸುವುದಕ್ಕೆ ಇದಲ್ಲದೆ ಬೇರೆ ಯಾವ ಆಸರೆಯಿದೆ?” ಈ ಮಾತಿನಲ್ಲಿ ಹುರುಳಿದೆ, ಇದನ್ನು ತಳ್ಳಿಹಾಕುವಂತಿಲ್ಲ. ಸಂಖ್ಯೆಯು ದೊಡ್ಡವರ ಮುಖ ನೋಡಿ ಮಣೆ ಹಾಕುವುದಿಲ್ಲ.

ಆದರೆ ಆ ತರುಣನಿಗೆ ಸಂಖ್ಯೆಯು ಸಲ್ಲಿಸುವ ಉಪಕಾರವು ಸಾಕ್ಷಿಯ ಉಪಕಾರ. ಸಾಕ್ಷಿಯನ್ನು ಕೇಳಬೇಕು, ಪ್ರಶ್ನಿಸಬೇಕು, ಅನಂತರ ನ್ಯಾಯಾಧೀಶನು ಆಲೋಚಿಸಿ ತೀರ್ಪು ಕೊಡಬೇಕು. ಸಾಕ್ಷಿಯನ್ನೇ ಪೀಠದ ಮೇಲೆ ಕೂರಿಸಿದರೆ, ಅದನ್ನು ಒಲಿಸಿಕೊಳ್ಳುವ ಉಪಾಯಗಳೂ ಹುಟ್ಟುತ್ತವೆ. ಒಂದು ಕೆಲಸವನ್ನು ಹೋಳು ಮಾಡಿ ಮೂರು ಪ್ರಬಂಧಗಳಾಗಿ ಪ್ರಕಟಿಸುವುದು, ಅವಶ್ಯವಿಲ್ಲದೆಡೆಯಲ್ಲಿಯೂ ತನ್ನನ್ನೇ ಉಲ್ಲೇಖಿಸಿಕೊಳ್ಳುವುದು, ನೀನು ನನ್ನನ್ನು ಹೊಗಳು, ನಾನು ನಿನ್ನನ್ನು ಹೊಗಳುವೆನೆಂಬ ಒಪ್ಪಂದ, ಇವೆಲ್ಲ ಅಂಥವೇ. ಆಗ ಉಲ್ಲೇಖವು ಋಣಸ್ವೀಕಾರವಾಗಿ ಉಳಿಯದೆ ವ್ಯಾಪಾರವಾಗುವುದು. ಹತ್ತು ವರ್ಷ ಒಂದೇ ಕಷ್ಟದ ಸಮಸ್ಯೆಯನ್ನು ಹಿಡಿದು ಕುಳಿತವನು ಸೋಮಾರಿಯೆನಿಸಿಕೊಳ್ಳುವನು.

ಆದುದರಿಂದ ದೋಷವು ಅಂಕದಲ್ಲಿಲ್ಲ. ಓದುವ ಶ್ರಮವನ್ನು ತಪ್ಪಿಸಿಕೊಂಡು ಅಂಕದ ಮರೆಯಲ್ಲಿ ನಿಲ್ಲುವವನಲ್ಲಿದೆ. ಇತರರ ಕೆಲಸದ ಮೇಲೆ ತೀರ್ಪು ಹೇಳುವ ಅಧಿಕಾರವನ್ನು ಒಪ್ಪಿಕೊಂಡವನು ಆ ಕೆಲಸವನ್ನು ತಿಳಿಯುವ ಹೊಣೆಯನ್ನೂ ಒಪ್ಪಿಕೊಂಡಿದ್ದಾನೆ. ಪ್ರಬಂಧವು ಪ್ರಕಟವಾದ ಪತ್ರಿಕೆಯ ಅಂಕದಿಂದ ವಿದ್ವಾಂಸನನ್ನು ಅಳೆಯಬಾರದೆಂದು 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯು ಸಾರಿದುದೂ ಈ ಹೊಣೆಯನ್ನು ನೆನಪಿಸುವುದಕ್ಕೇ. ಎಣಿಸುವುದಕ್ಕೆ ಯಂತ್ರವು ಸಾಕು. ಬೆಲೆಯನ್ನು ಅರಿಯುವುದಕ್ಕೆ ಓದುವ ಮನುಷ್ಯನು ಬೇಕು. ಅವನಿಗೆ ತಾಳ್ಮೆಯೂ ಇರಬೇಕು, ತನ್ನ ತೀರ್ಪು ತಪ್ಪಾಗಬಹುದೆಂಬ ಭಯವೂ ಇರಬೇಕು.