ಬಿಟ್ಟುಕೊಡುವುದು ಯಾವುದನ್ನು?



ಫೆಬ್ರವರಿ ಬಂತೆಂದರೆ ವಯನಾಡಿನ ದಾರಿಗಳೆಲ್ಲ ಪಳ್ಳಿಕ್ಕುನ್ನಿನ ಕಡೆಗೆ ತಿರುಗುತ್ತವೆ. 1908ರಲ್ಲಿ ಫ್ರೆಂಚ್ ಧರ್ಮಗುರುವೊಬ್ಬರು ಸ್ಥಾಪಿಸಿದ ಲೂರ್ದು ಮಾತೆಯ ಆ ದೇವಾಲಯಕ್ಕೆ ಮಲಯಾಳಿಗಳು, ತಮಿಳರು, ಆದಿವಾಸಿಗಳು, ಕ್ರೈಸ್ತರಲ್ಲದವರು ಎಲ್ಲರೂ ಬರುತ್ತಾರೆ. ಈ ವರ್ಷವೂ ನಾವು ಹೋಗಿ ಮೊಂಬತ್ತಿ ಹಚ್ಚಿ ಬಂದೆವು. ಹಿಂದಿರುಗುವಾಗ ಜೀಪಿನಲ್ಲಿ ನಮ್ಮ ನಮ್ಮಲ್ಲೇ ಒಂದು ಮಾತು ಎದ್ದಿತು. ಅದು ಇನ್ನೂ ತಣ್ಣಗಾಗಿಲ್ಲ.

ವಿಷಯ ನಿಮಗೂ ಗೊತ್ತಿದೆ. ನಮ್ಮ ಧರ್ಮಕೇಂದ್ರದ ಹಬ್ಬದ ನೊವೇನಾದಲ್ಲಿ ಒಂದು ಸಂಜೆಯ ಬಲಿಪೂಜೆ ಕನ್ನಡದಲ್ಲಿ ನಡೆಯುತ್ತಿತ್ತು. ಮುಂದಿನ ವರ್ಷದಿಂದ ಆ ಸಂಜೆಯೂ ಮಲಯಾಳಂ ಪೂಜೆಯೇ ಇರಲಿ, ನಡುವೆ ಒಂದು ಕನ್ನಡ ಗೀತೆ, ಒಂದು ಕನ್ನಡ ವಾಚನ ಸೇರಿಸೋಣ ಎಂಬ ಸಲಹೆ ಬಂದಿದೆ. ಸಲಹೆ ಕೊಟ್ಟವರಲ್ಲಿ ದ್ವೇಷವಿಲ್ಲ, ಕಾರಣಗಳೂ ಸುಳ್ಳಲ್ಲ. ಕನ್ನಡ ಬಲ್ಲ ಗುರುಗಳು ಗುಂಡ್ಲುಪೇಟೆಯ ಕಡೆಯಿಂದ ಬರಬೇಕು. ಬಂಡೀಪುರ ಕಾಡಿನ ರಸ್ತೆ ರಾತ್ರಿ 9ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಸಂಜೆ ಪೂಜೆ ಮುಗಿಸಿ, ಪ್ರಸಾದದ ಊಟ ಮಾಡಿ, ಅವರು ಮುತ್ತಂಗ ದಾಟುವುದು ಹೇಗೆ? ಕುಟುಂಬಗಳೂ ಕಡಿಮೆಯಾಗಿವೆ. ನಮ್ಮ ಮಕ್ಕಳು ಓದುವುದು ಮಲಯಾಳಂ ಶಾಲೆಯಲ್ಲಿ. ಕನ್ನಡ ಪೂಜೆಯಲ್ಲಿ ಅವರು ಪುಸ್ತಕ ಹಿಡಿದು ಸುಮ್ಮನೆ ಕೂರುತ್ತಾರೆ.

ನಮ್ಮಲ್ಲಿ ಕೆಲವರು, "ಇದ್ದ ಒಂದು ಸಂಜೆಯೂ ಹೋದರೆ ನಾವು ಇಲ್ಲಿ ಯಾರು?" ಎಂದರು. ಇನ್ನು ಕೆಲವರು, "ದೇವರಿಗೆ ಎಲ್ಲ ಭಾಷೆಯೂ ಬರುತ್ತದೆ, ಒಗ್ಗಟ್ಟು ಮುಖ್ಯ, ಬಿಟ್ಟುಕೊಡೋಣ" ಎಂದರು. ಎರಡೂ ಭಕ್ತಿಯ ಮಾತುಗಳೇ. ಆದರೆ ಎರಡರಲ್ಲೂ ಏನೋ ತಪ್ಪಿಹೋಗಿದೆ ಎಂದು ನಮಗೆ ಅನಿಸಿತು.

ಮೊದಲನೆಯ ಮಾತನ್ನು ನೋಡೋಣ. ಹಬ್ಬದ ರೂಪ ಬದಲಾದರೆ ಹಬ್ಬವೇ ಹೋಯಿತೇ? ಪ್ರೇಷಿತ ಸಂತ ತೋಮನ ಹಬ್ಬವನ್ನು ಲತೀನ್ ವಿಧಿಯವರು ಹಿಂದೆ ಆಚರಿಸುತ್ತಿದ್ದುದು ಡಿಸೆಂಬರ್ 21ರಂದು. ಜುಲೈ 3 ಸುರಿಯಾನಿ ಪರಂಪರೆಯ ದಿನ. 1969ರಲ್ಲಿ ರೋಮಿನ ಪಂಚಾಂಗ ಪರಿಷ್ಕಾರವಾದಾಗ ಲತೀನ್ ಸಭೆಯೇ ಜುಲೈ 3ಕ್ಕೆ ಬಂತು. ದೊಡ್ಡ ಸಭೆ ಚಿಕ್ಕ ಸಭೆಯ ದಿನವನ್ನು ಒಪ್ಪಿಕೊಂಡಿತು, ತೋಮನಿಗೆ ಅದರಿಂದ ಕುಂದೇನೂ ಬರಲಿಲ್ಲ. ನಮ್ಮ ನೆರೆಯ ಸೀರೋ ಮಲಬಾರ್ ಮನೆಗಳಲ್ಲಿ ತಪಸ್ಸುಕಾಲ ಸೋಮವಾರವೇ ಶುರುವಾಗುತ್ತದೆ, ನಮಗೆ ವಿಭೂತಿ ಬುಧವಾರದಂದು. ಆ ಮನೆಗಳಿಂದ ಸೊಸೆ ತಂದವರು ಒಂದೇ ಅಡುಗೆಮನೆಯಲ್ಲಿ ಎರಡು ಆರಂಭಗಳನ್ನು ಕಂಡಿದ್ದಾರೆ, ಎರಡು ದಿನ ಮೊದಲೇ ಮೀನು ಮಾಂಸ ಬಿಟ್ಟು ಯಾರೂ ಕೆಟ್ಟಿಲ್ಲ. ಆದ್ದರಿಂದ ದಿನ, ಗಳಿಗೆ, ಮೆರವಣಿಗೆಯ ದಾರಿ, ಬ್ಯಾಂಡಿನ ಹಾಡು ಇವೆಲ್ಲ ಬದಲಾಗಬಲ್ಲವು. ಇವುಗಳಿಗಾಗಿ ಜಗಳವಾಡಿದರೆ ನಾವು ಸಂತರಿಗಿಂತ ನಮ್ಮನ್ನೇ ತೇರಿನ ಮೇಲೆ ಕೂರಿಸಿದಂತೆ.

ಹಾಗಾದರೆ ಬಿಟ್ಟುಕೊಡೋಣ ಎಂದವರೇ ಸರಿಯೇ? ಅಲ್ಲಿಯೂ ತಡೆಯಬೇಕು. ಪಳ್ಳಿಕ್ಕುನ್ನಿನಲ್ಲಿ ನಾವು ಕೈಮುಗಿದು ಬಂದ ತಾಯಿಯನ್ನೇ ನೆನೆಯೋಣ. 1858ರಲ್ಲಿ ಲೂರ್ದಿನ ಗುಹೆಯ ಬಳಿ ಮಾತೆ ಕಾಣಿಸಿಕೊಂಡಾಗ ಬೆರ್ನದೆತ್ತಳಿಗೆ ಹದಿನಾಲ್ಕು ವರ್ಷ. ಆ ಬಡ ಹುಡುಗಿಗೆ ಶಾಲೆಯ ಫ್ರೆಂಚ್ ಸರಿಯಾಗಿ ಬರುತ್ತಿರಲಿಲ್ಲ. ಮಾತೆ ಅವಳೊಡನೆ ಮಾತನಾಡಿದ್ದು ಸರ್ಕಾರದ ಭಾಷೆಯಲ್ಲಲ್ಲ, ಅವಳ ಊರಿನ ಆಡುನುಡಿಯಲ್ಲಿ. ಮಾರ್ಚ್ 25ರಂದು ತನ್ನ ಹೆಸರನ್ನು ಹೇಳಿದ್ದೂ ಆ ನುಡಿಯಲ್ಲೇ. ಹುಡುಗಿ ಅದನ್ನು ಮರೆಯದಂತೆ ದಾರಿಯುದ್ದಕ್ಕೂ ಬಾಯಲ್ಲಿ ಹೇಳಿಕೊಳ್ಳುತ್ತಾ ಧರ್ಮಗುರುಗಳ ಬಳಿಗೆ ಓಡಿದಳು. ದೇವರಿಗೆ ಎಲ್ಲ ಭಾಷೆಯೂ ಬರುತ್ತದೆ ಎಂಬುದು ನಿಜ. ಆದರೆ ನಮಗೆ ಎಲ್ಲ ಭಾಷೆಯೂ ಬರುವುದಿಲ್ಲ, ಸ್ವರ್ಗ ಅದನ್ನು ಬಲ್ಲದು.

ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನೂ ತೆರೆದು ನೋಡಿ. ಮೊಟ್ಟಮೊದಲ ಧರ್ಮಸಭೆಯ ಗೊಣಗಾಟವೂ ಭಾಷೆಯ ಗಡಿಯಲ್ಲೇ ಹುಟ್ಟಿತು. ಗ್ರೀಕ್ ಮಾತಿನವರ ವಿಧವೆಯರಿಗೆ ದಿನದ ಪಾಲು ಸರಿಯಾಗಿ ಸಿಗುತ್ತಿಲ್ಲ ಎಂಬ ದೂರು ಬಂತು. ಪ್ರೇಷಿತರು ಅವರಿಗೆ ಒಗ್ಗಟ್ಟಿನ ಉಪದೇಶ ಮಾಡಿ ಬಾಯಿ ಮುಚ್ಚಿಸಲಿಲ್ಲ. ಏಳು ಜನರನ್ನು ಆರಿಸಲು ಹೇಳಿದರು. ಆರಿಸಿದ ಏಳೂ ಹೆಸರು ಗ್ರೀಕ್ ಹೆಸರುಗಳು. ಕ್ರಿಸ್ಮಸ್ಸಿನ ಮರುದಿನ ನಾವು ಸ್ಮರಿಸುವ ರಕ್ತಸಾಕ್ಷಿ ಸಂತ ಸ್ತೇಫನ ಅವರಲ್ಲಿ ಮೊದಲನೆಯವನು. ಇನ್ನೊಂದು ಮಾತನ್ನು ಗಮನಿಸಿ. ದೂರು ಹೇಳಿದವರು ಕೇಳಿದ್ದು ತಮ್ಮ ಗೌರವವನ್ನಲ್ಲ, ತಮ್ಮ ವಿಧವೆಯರ ಊಟವನ್ನು.

ನಮ್ಮ ಪ್ರಶ್ನೆಯ ಗಂಟು ಇಲ್ಲೇ ಇದೆ. ನಮ್ಮ ಪಾಲನ್ನು ನಾವು ಬಿಟ್ಟುಕೊಟ್ಟರೆ ಅದು ಔದಾರ್ಯ. ಇನ್ನೊಬ್ಬರ ಪಾಲನ್ನು ನಾವು ಬಿಟ್ಟುಕೊಟ್ಟರೆ ಅದು ಔದಾರ್ಯವಲ್ಲ, ಅನ್ಯಾಯ. "ಮಲಯಾಳಂ ಸಾಕು" ಎಂದು ಸುಲಭವಾಗಿ ಹೇಳಿದವರು ಯಾರು? ಇಲ್ಲೇ ಹುಟ್ಟಿ, ಇಲ್ಲೇ ಓದಿ, ಮಲಯಾಳಂ ಸಲೀಸಾಗಿ ಬರುವ ನಾವು. ಜೀಪಿನ ಹಿಂದಿನ ಸೀಟಿನಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ಅಜ್ಜಿಯೊಬ್ಬರು ಕೊನೆಗೆ ಹೇಳಿದರು: "ನನಗೂ ಮಲಯಾಳಂ ಬರ್ತದೆ ಮಗಾ, ಅಂಗಡಿಗೆ ಹೋಗಿ ಉಪ್ಪು ತರುವಷ್ಟು. ಪಾಪನಿವೇದನೆ ಮಾಡುವಷ್ಟು ಬರುವುದಿಲ್ಲ." ಮದುವೆಯಾಗಿ ಹೆಗ್ಗಡದೇವನಕೋಟೆಯ ಕಡೆಯಿಂದ ಬಾವಲಿ ದಾಟಿ ಬಂದವರು ಅವರು. ಹಬ್ಬದ ಆ ಸಂಜೆ ಬರುತ್ತಿದ್ದ ಗುರುಗಳ ಬಳಿ ವರ್ಷಕ್ಕೊಮ್ಮೆ ಮನಸ್ಸು ಬಿಚ್ಚಿ ಪಾಪನಿವೇದನೆ ಮಾಡುತ್ತಿದ್ದರಂತೆ. ನಮಗೆ ಅದು ತಿಳಿದೇ ಇರಲಿಲ್ಲ. ನಾವು ಲೆಕ್ಕ ಹಾಕುತ್ತಿದ್ದುದು ಪೂಜೆಯನ್ನು, ಅವರು ಕಳೆದುಕೊಳ್ಳಲಿದ್ದದ್ದು ಬೇರೆಯೇ.

ಈ ಅಳತೆಗೋಲು ನಮ್ಮ ಕಡೆಗೂ ತಿರುಗುತ್ತದೆ. ಹಿರಿಯರು ಕನ್ನಡ ಪೂಜೆಯೇ ಬೇಕೆಂದು ಹಟ ಹಿಡಿದಾಗ ಮೂಕರಾಗಿ ಕೂರುವುದು ಮೊಮ್ಮಕ್ಕಳು. ಅಕ್ಷರ ಕಲಿಸದೆ ಪುಸ್ತಕ ಕೊಟ್ಟವರು ನಾವೇ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನಮ್ಮ ಜೊತೆ ಪೂಜೆಗೆ ಬರುವ ಪಣಿಯ ಕುಟುಂಬಗಳಿವೆ. ಕನ್ನಡಕ್ಕೆ ಹತ್ತಿರದ ನುಡಿಯಾಡುವ ಕಾಟ್ಟುನಾಯ್ಕರು ಈ ಕಾಡಿನಂಚಿನಲ್ಲೇ ಇದ್ದಾರೆ. ನಮ್ಮ ಒಂದು ಸಂಜೆಯ ಬಗ್ಗೆ ಇಷ್ಟು ಮಾತನಾಡಿದ ನಾವು, ಅವರ ಮಾತಿಗೆ ನಮ್ಮ ದೇವಾಲಯದಲ್ಲಿ ಎಷ್ಟು ಜಾಗವಿದೆ ಎಂದು ಒಂದು ದಿನವಾದರೂ ಕೇಳಿದ್ದೇವೆಯೇ? ಅಲ್ಪಸಂಖ್ಯಾತರ ನೋವು ತನಗಿಂತ ಅಲ್ಪರನ್ನು ಕಾಣದಿದ್ದರೆ ಅದು ಬರೀ ಅಸೂಯೆಯಾಗಿ ಉಳಿಯುತ್ತದೆ.

1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜಾವಿಧಿಯಲ್ಲಿ ಜನರ ನುಡಿಗೆ ಬಾಗಿಲು ತೆರೆಯಿತು. ಜನರು ಪೂಜೆಯಲ್ಲಿ ಅರಿತು ಪಾಲುಗೊಳ್ಳಲಿ ಎಂಬುದು ಅದರ ಉದ್ದೇಶವಾಗಿತ್ತು. ಒಂದು ಭಾಷೆಗೆ ಪದಕ ತೊಡಿಸಲು ಅದನ್ನು ಮಾಡಲಿಲ್ಲ. ಆದ್ದರಿಂದ ಧರ್ಮಕೇಂದ್ರದ ಸಭೆಗೆ ಹೋಗುವಾಗ ನಾವು ಹೀಗೆ ಹೇಳೋಣ ಎಂದುಕೊಂಡಿದ್ದೇವೆ. ಹಬ್ಬದ ಸಂಜೆಯನ್ನು ಸಂತೋಷದಿಂದ ಬಿಟ್ಟುಕೊಡುತ್ತೇವೆ. ಅದರ ಬದಲು ಆಗಮನಕಾಲದಲ್ಲಿ ಒಮ್ಮೆ, ತಪಸ್ಸುಕಾಲದಲ್ಲಿ ಒಮ್ಮೆ ಕನ್ನಡ ಬಲ್ಲ ಗುರುಗಳು ಹಗಲಿನಲ್ಲಿ ಬರಲಿ. ಬೆಳಿಗ್ಗೆ ರಸ್ತೆ ತೆರೆದ ಮೇಲೆ ಹೊರಟು, ಪಾಪನಿವೇದನೆ ಕೇಳಿ, ಹಾಸಿಗೆ ಹಿಡಿದವರ ಮನೆಗಳಿಗೆ ಪರಮಪ್ರಸಾದ ಒಯ್ದು, ಕತ್ತಲಾಗುವ ಮೊದಲು ಹಿಂದಿರುಗಬಹುದು. ನಮ್ಮ ಕಡೆಯಿಂದ, ಭಾನುವಾರದ ಧರ್ಮೋಪದೇಶದ ತರಗತಿ ಮುಗಿದ ಮೇಲೆ ಅರ್ಧ ಗಂಟೆ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸೋಣ. ಪಣಿಯ ಕುಟುಂಬಗಳನ್ನು ಕರೆದು ಅವರಿಗೆ ಏನು ಬೇಕೆಂದು ಅವರ ಬಾಯಿಂದಲೇ ಕೇಳೋಣ.

ಇದನ್ನು ಒಪ್ಪದವರು ನಮ್ಮಲ್ಲಿ ಇನ್ನೂ ಇದ್ದಾರೆ. ಆ ಸಂಜೆ ಹೋದರೆ ಮುಂದೆ ಗೀತೆಯೂ ಹೋಗುತ್ತದೆ ಎಂಬ ಅವರ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅವರೂ ಸಭೆಗೆ ಬಂದು ಮಾತನಾಡಲಿ. ಅಜ್ಜಿಯನ್ನಂತೂ ಈ ಸಲ ಮುಂದಿನ ಸಾಲಿನಲ್ಲೇ ಕೂರಿಸೋಣ.

ಲೂರ್ದು ಮಾತೆಯೇ, ಸಂತ ಸ್ತೇಫನನೇ, ನಮಗಾಗಿ ಪ್ರಾರ್ಥಿಸಿರಿ.