ಕೈಪಿಡಿ ಯಾರೊಡನೆ ಮಾತಾಡುತ್ತದೆ?

ಮಳೆ ಹಿಡಿಯುವ ಮುನ್ನ ಅಡಿಕೆ ತೋಟಗಳಲ್ಲಿ ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿ. ಕೊಳೆರೋಗಕ್ಕೆ ಬಳಸುವ ಶೇ 1ರ ದ್ರಾವಣಕ್ಕೆ 1 ಕಿಲೊ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ ಕರಗಿಸುತ್ತಾರೆ, 1 ಕಿಲೊ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕದಡುತ್ತಾರೆ. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ತಿರುವುಮುರುವಾದರೆ ಹದ ಕೆಡುತ್ತದೆ.

ಇಷ್ಟು ಸೂಕ್ಷ್ಮವಾದ ಕೆಲಸವನ್ನು ಕೈಪಿಡಿಯಲ್ಲಿ ‘ಎರಡೂ ದ್ರಾವಣಗಳನ್ನು ಬೆರೆಸಲಾಗುವುದು’ ಎಂದು ಬರೆದರೆ ಅಲ್ಲಿ ಮನುಷ್ಯರೇ ಇಲ್ಲ. ‘ರೈತರು ಬೆರೆಸತಕ್ಕದ್ದು’ ಎಂದರೆ ಸುತ್ತೋಲೆಯ ದನಿ. ಓದುತ್ತಿರುವ ರೈತನಿಗೇ ಅದು ಬೇರೆ ಯಾರಿಗೋ ಹೇಳಿದಂತೆ ಕೇಳುತ್ತದೆ. ‘ನಾವೀಗ ಬೆರೆಸೋಣ’ ಎಂಬುದು ತರಗತಿಯಲ್ಲಿ ಚೆಂದ, ಆದರೆ ತೋಟದಲ್ಲಿ ಬರೆದವರು ಜೊತೆಗಿರುವುದಿಲ್ಲ. ನನಗೆ ಒಪ್ಪುವುದು ನೇರ ಬಹುವಚನ: ಸುರಿಯಿರಿ, ಕಲಕಿರಿ. ಮನೆಯ ಯಜಮಾನ ಗಟ್ಟಿಯಾಗಿ ಓದಿ ಹೇಳಲಿ, ಮರವೇರಿ ಸಿಂಪಡಿಸುವ ಕೊನೆಗಾರನೇ ಓದಿಕೊಳ್ಳಲಿ, ಇಬ್ಬರಿಗೂ ಮರ್ಯಾದೆ ಉಳಿಯುತ್ತದೆ.

ಇಲ್ಲೊಂದು ತೊಡಕು ಕನ್ನಡದ್ದೇ. ‘ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿ’ ಎಂದರೆ ಕರಗಿಸಿರಿ ಎಂದೂ ಆಗುತ್ತದೆ, ಕರಗಿಸಿದ ಮೇಲೆ ಎಂದೂ ಆಗುತ್ತದೆ. ‘ಕರಗಿಸಿ ಸೋಸಿ ಬೆರೆಸಿ’ ಎಂದು ಒಂದೇ ಉಸಿರಿಗೆ ಬರೆದಾಗ ಓದುವವರು ಮಾತು ಎಲ್ಲಿ ಮುಗಿಯಿತೆಂದು ಹುಡುಕುತ್ತ, ಕೈಯಲ್ಲಿ ಬಕೆಟ್ ಹಿಡಿದು ನಿಲ್ಲುತ್ತಾರೆ. ಈಗಿನ ಬರವಣಿಗೆಯಲ್ಲಿ ಕ್ರಿಯಾಪದದ ಕೊನೆಯ ‘ಇರಿ’ ಹಳತಾಯಿತೆಂದು ಕತ್ತರಿಸುವವರಿದ್ದಾರೆ. ಸಂದೇಹ ಬರುವ ಕಡೆಯಾದರೂ ಅದನ್ನು ಉಳಿಸಬೇಕೆಂದು ನಾನು ಹಟ ಹಿಡಿಯುತ್ತೇನೆ. ಒಂದು ವಾಕ್ಯಕ್ಕೆ ಒಂದೇ ಕೆಲಸ ಕೊಟ್ಟರೆ ಇನ್ನೂ ಒಳ್ಳೆಯದು.

‘ನೀವು’ ಎಂದು ಪ್ರತಿ ಸಾಲಿನಲ್ಲೂ ಕರೆಯಬೇಕಿಲ್ಲ, ಕ್ರಿಯಾಪದವೇ ಕರೆಯುತ್ತದೆ. ಆದರೆ ಅಪಾಯ ಬಂದಾಗ ‘ಕಣ್ಣಿಗೆ ಸಿಡಿಯದಂತೆ ಎಚ್ಚರ ವಹಿಸುವುದು’ ಎಂದು ಬರೆದರೆ ಯಾರ ಕಣ್ಣು? ‘ನಿಮ್ಮ ಕಣ್ಣಿಗೆ ಸಿಡಿದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆಯಿರಿ’ ಎನ್ನಬೇಕು.

ಹದ ನೋಡುವ ಪರೀಕ್ಷೆಯನ್ನೂ ಹೀಗೆಯೇ ಬರೆಯಬಹುದು: ‘ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿರಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಹೆಚ್ಚಾಗಿದೆ. ಲೇಪ ಕಾಣದಾಗುವವರೆಗೆ ಸುಣ್ಣದ ನೀರು ಸೇರಿಸಿರಿ.’